ಹಳೆಯ ಕಾರಿನ ಬ್ರೇಕ್: ಹೆಸರು ಹೇಳಿದರೆ ಸಿಗದು, ಅಳತೆ ಹೇಳಿದರೆ ಸಿಕ್ಕೀತು

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳನ್ನು ಕುರಿತು ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಅವುಗಳಲ್ಲಿ ಬಣ್ಣ, ಕ್ರೋಮ್ ಬಂಪರು, ಚರ್ಮದ ಸೀಟು, ಎಂಜಿನ್ನಿನ ಸದ್ದು ಎಲ್ಲಕ್ಕೂ ಜಾಗವಿರುತ್ತದೆ; ಆ ಕಾರು ನಿಲ್ಲುವುದು ಹೇಗೆ ಎಂಬುದಕ್ಕೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಹದಿನೆಂಟು ವರ್ಷಗಳಿಂದ ಮಾರಿಸ್ ಮೈನರ್ ಎಂಬ ಹಳೆಯ ಬ್ರಿಟಿಷ್ ಕಾರೊಂದನ್ನು ಇಟ್ಟುಕೊಂಡು, ಅದರ ಬ್ರೇಕಿನ ಬಿಡಿಭಾಗಗಳಿಗಾಗಿ ಅಲೆದು, ಒಂದೆರಡು ಸಲ ಮೋಸಹೋಗಿ, ಅಷ್ಟಿಷ್ಟು ಕಲಿತವನಾಗಿ ಈ ವಿಷಯದಲ್ಲಿ ಕೆಲವು ಮಾತು ಹೇಳಲು ತಮ್ಮ ಪತ್ರಿಕೆಯಲ್ಲಿ ಅವಕಾಶ ಕೋರುತ್ತೇನೆ.

ಬಿಡಿಭಾಗ ಸಿಗುವುದಿಲ್ಲ ಎಂದು ಕೊರಗುವವರಲ್ಲಿ ಹೆಚ್ಚಿನವರು ಹುಡುಕುವುದು ಕಾರಿನ ಹೆಸರು ಹಿಡಿದು. ತೊಡಕು ಶುರುವಾಗುವುದೇ ಅಲ್ಲಿ. ಮಾರಿಸ್ ಮೈನರ್ 1948ರಿಂದ 1971ರವರೆಗೆ ತಯಾರಾದ ಕಾರು. 1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಮುಂದಿನ ಬ್ರೇಕ್ ಡ್ರಮ್ (ಚಕ್ರದೊಂದಿಗೆ ತಿರುಗುವ ಬೋಗುಣಿಯಂಥ ಲೋಹದ ಭಾಗ) 7 ಇಂಚಿನಿಂದ 8 ಇಂಚಿಗೆ ಬದಲಾಯಿತು. ಹಾಗಾಗಿ ‘ಮೈನರ್‌ಗೆ ಮುಂದಿನ ಬ್ರೇಕ್ ಶೂ ಕೊಡಿ’ (ಡ್ರಮ್ಮಿನ ಒಳಮೈಗೆ ಒತ್ತಿ ಅದನ್ನು ನಿಲ್ಲಿಸುವ ಭಾಗವೇ ಶೂ) ಎಂದರೆ ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತೆ. ಅಲ್ಲದೆ ಇಷ್ಟು ವಯಸ್ಸಾದ ಕಾರು ಎಷ್ಟೋ ಕೈ ಬದಲಾಗಿರುತ್ತದೆ. ನಡುವೆ ಯಾರೋ ಒಬ್ಬರು ಆಯಿಲಿನ ಒತ್ತಡದಿಂದ ಶೂವನ್ನು ತಳ್ಳುವ ಸಿಲಿಂಡರಿನ ಜಾಗಕ್ಕೆ ಆಗ ಸಿಕ್ಕ ಇನ್ನಾವುದೋ ಸಿಲಿಂಡರನ್ನು ತಂದು ಕೂರಿಸಿರುತ್ತಾರೆ. ನೋಂದಣಿ ಪುಸ್ತಕದಲ್ಲಿರುವ ವರ್ಷಕ್ಕೂ ಚಕ್ರದ ಹಿಂದಿರುವ ಕಬ್ಬಿಣಕ್ಕೂ ಸಂಬಂಧವೇ ಇಲ್ಲದ ಕಾರುಗಳನ್ನು ನಾನು ಕಂಡಿದ್ದೇನೆ.

ಕಾರಿನ ಕಂಪನಿಗಳಲ್ಲಿ ಹೆಚ್ಚಿನವು ಬ್ರೇಕನ್ನು ತಾವೇ ತಯಾರಿಸುತ್ತಿರಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಲಾಕ್‌ಹೀಡ್, ಗರ್ಲಿಂಗ್, ಬೆಂಡಿಕ್ಸ್, ಡನ್‌ಲಪ್‌ನಂಥ ಬ್ರೇಕ್ ತಯಾರಕರಿಂದ ಕೊಂಡು ಜೋಡಿಸುತ್ತಿದ್ದವು. (ಲಾಕ್‌ಹೀಡ್ ವಿಮಾನದ ಹೆಸರಲ್ಲವೇ ಎಂದು ಕೇಳುವವರಿದ್ದಾರೆ. ಅಣ್ಣತಮ್ಮಂದಿರು ಸೇರಿ ವಿಮಾನ ಕಟ್ಟಲು ಹೊರಟವರಲ್ಲಿ ಮಾಲ್ಕಮ್ ಎಂಬಾತ ಬ್ರೇಕಿನ ಕಡೆ ಹೊರಳಿದ. 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ನಡೆಯುವ, ಬ್ರೇಕ್ ಬಂದದ್ದು ಅವನ ಕೆಲಸದ ಫಲ.) ಒಬ್ಬನೇ ತಯಾರಕ ಹತ್ತಾರು ಕಂಪನಿಗಳಿಗೆ ಒದಗಿಸುತ್ತಿದ್ದುದರಿಂದ, ನಿಮ್ಮ ಅಪರೂಪದ ಕಾರಿನ ವೀಲ್ ಸಿಲಿಂಡರ್ ಬೇರೊಂದು ಹೆಸರಿನ ಸಾಮಾನ್ಯ ವ್ಯಾನಿನಲ್ಲೋ ಟ್ರ್ಯಾಕ್ಟರಿನಲ್ಲೋ ಇದ್ದಿರಲು ಸಾಧ್ಯವಿದೆ. ಅದನ್ನು ಪತ್ತೆಹಚ್ಚುವ ದಾರಿ ಅಳತೆಯೊಂದೇ.

ಸಿಲಿಂಡರಿನ ಮೈಮೇಲೆ ಉಬ್ಬಿದ ಅಕ್ಷರಗಳಲ್ಲಿ ಒಂದು ಸಂಖ್ಯೆ ಇರುತ್ತದೆಯಲ್ಲ, ಅದನ್ನೇ ಹೇಳಿದರೆ ಸಾಲದೇ ಎಂದು ನಾನೂ ನಂಬಿದ್ದೆ. ಗೆಳೆಯರೊಬ್ಬರ ಸಲೂನ್ ಕಾರಿನ ಹಿಂದಿನ ಸಿಲಿಂಡರ್ ಬಿಚ್ಚಿ, ಮಣ್ಣು ಮತ್ತು ಬ್ರೇಕ್ ಆಯಿಲ್ ಸೇರಿ ಕರಿ ಅರಗಿನಂತೆ ಗಟ್ಟಿಯಾಗಿದ್ದ ಪದರವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸೀಮೆಸುಣ್ಣ ಸವರಿ ಆ ಸಂಖ್ಯೆಯನ್ನು ಓದಿದೆವು. ಅದೇ ಸಂಖ್ಯೆಯ ಸಿಲಿಂಡರೂ ಸಿಕ್ಕಿತು. ಬಂದ ಮೇಲೆ ನೋಡಿದರೆ ಹೊರಗಿನ ಮೈ ಒಂದೇ, ಒಳಗಿನ ಬೋರ್ (ಪಿಸ್ಟನ್ ಓಡಾಡುವ ತೂತು) ಬೇರೆ: ನಮ್ಮದು ಮುಕ್ಕಾಲು ಇಂಚು, ಬಂದದ್ದು ಇಂಚಿನ ಎಂಟರಲ್ಲಿ ಏಳು ಭಾಗ. ಎರಕದ ಸಂಖ್ಯೆ ಅಚ್ಚಿನದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಬೇರೆ ಬೇರೆ ಬೋರ್ ಕೊರೆಯುವುದು ತಯಾರಕರಿಗೆ ವಾಡಿಕೆ. ಈ ಅಂತರ ಸಣ್ಣದಾಗಿ ಕಂಡರೂ ಪಿಸ್ಟನ್ನಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಒತ್ತಡಕ್ಕೆ ದೊಡ್ಡ ಸಿಲಿಂಡರ್ ಶೂವನ್ನು ಸುಮಾರು 36 ಶೇಕಡ ಹೆಚ್ಚು ಬಲದಿಂದ ತಳ್ಳುತ್ತದೆ. ಹಿಂದಿನ ಚಕ್ರಗಳಿಗೆ ಅದನ್ನು ಹಾಕಿದರೆ ಒದ್ದೆ ರಸ್ತೆಯಲ್ಲಿ ಮೊದಲು ಅವೇ ಜಾಮ್ ಆಗಿ ಕಾರು ಅಡ್ಡ ತಿರುಗುತ್ತದೆ. ಒಂದೇ ಕಡೆಯ ಚಕ್ರಕ್ಕೆ ಹಾಕಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಾದರೆ ಲೆಕ್ಕ ತಲೆಕೆಳಗು: ಬೋರ್ ದೊಡ್ಡದಾದಷ್ಟೂ ಪೆಡಲ್ ಗಟ್ಟಿಯಾಗಿ, ಅದೇ ಕಾಲಿನ ಬಲಕ್ಕೆ ಒತ್ತಡ ಕಡಿಮೆಯಾಗುತ್ತದೆ. ಪೆಡಲ್ ಗಟ್ಟಿಯಾಗಿದ್ದರೆ ಬ್ರೇಕ್ ಚೆನ್ನಾಗಿದೆ ಎಂದು ತೃಪ್ತಿಪಡುವವರು ಇದನ್ನು ಗಮನಿಸಬೇಕು.

ಇಂಚು ಮತ್ತು ಮಿಲಿಮೀಟರಿನ ಗೊಂದಲ ಇನ್ನೊಂದು. ಇಂಚಿನ ಎಂಟರಲ್ಲಿ ಏಳು ಭಾಗವೆಂದರೆ 22.2 ಮಿಲಿಮೀಟರ್. ಈ ಕಾಲದ ಕ್ಯಾಟಲಾಗುಗಳಲ್ಲೂ 19.05, 22.2, 25.4 ಎಂಬ ಅಳತೆಗಳು ಕಾಣಸಿಗುತ್ತವೆ. ಅವೆಲ್ಲ ಮಿಲಿಮೀಟರಿನ ವೇಷ ತೊಟ್ಟ ಹಳೆಯ ಇಂಚುಗಳೇ. ಇದು ನಮಗೆ ಅನುಕೂಲದ ಸಂಗತಿ, ಏಕೆಂದರೆ ಸಿಲಿಂಡರಿನೊಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳನ್ನು ಕಾರಿನ ಹೆಸರು ಎತ್ತದೆಯೇ ಆ ಅಳತೆಯಲ್ಲಿ ಕೇಳಿ ಪಡೆಯಬಹುದು. ಆದರೆ ಪೈಪನ್ನು ಸಿಲಿಂಡರಿಗೆ ಬಿಗಿಯುವ ಯೂನಿಯನ್‌ಗಳಲ್ಲಿ ಈ ಸರಾಗ ನಡೆಯದು. ಇಂಚಿನ ಎಂಟರಲ್ಲಿ ಮೂರು ಭಾಗದ, ಇಂಚಿಗೆ 24 ಎಳೆಯ ಯೂನಿಯನ್ 10 ಮಿಲಿಮೀಟರ್ ತೂತಿನೊಳಗೆ ಸಲೀಸಾಗಿ ಹೊಕ್ಕು, ಒಂದೆರಡು ಸುತ್ತು ಬಿಗಿಯಾದಂತೆಯೂ ಅನಿಸುತ್ತದೆ. ಆ ಎಳೆಗಳು ಹಿಡಿದಿರುವುದು ತುದಿಯಲ್ಲಷ್ಟೆ. ಪೆಡಲನ್ನು ಬಲವಾಗಿ ತುಳಿದ ದಿನ ಅದು ಕಿತ್ತು ಬರುತ್ತದೆ. ಪೈಪಿನ ಬಾಯಿ ಅಗಲಿಸುವುದರಲ್ಲೂ ಎರಡು ಪದ್ಧತಿಗಳಿವೆ: ಮಡಿಸಿ ಅಗಲಿಸುವುದು ಒಂದು, ಗುಳ್ಳೆಯಂತೆ ಉಬ್ಬಿಸುವುದು ಇನ್ನೊಂದು. ಒಂದರ ಪೈಪನ್ನು ಇನ್ನೊಂದರ ಕುಳಿಗೆ ಬಿಗಿದರೆ ಸೋರದೆ ಇರದು.

ಇನ್ನು ನಾನು ಮೋಸಹೋದ ಪ್ರಸಂಗ. ಮಾರಿದವರ ಹೆಸರು ಇಲ್ಲಿ ಬೇಡ. ಅವರು ಸುಳ್ಳನ್ನೇನೂ ಹೇಳಿರಲಿಲ್ಲ. ‘ಹಳೆಯ ದಾಸ್ತಾನು, ಬಳಸಿಲ್ಲ, ಪೆಟ್ಟಿಗೆ ಒಡೆದಿಲ್ಲ’ ಎಂದರು, ಮೂರೂ ನಿಜವಾಗಿತ್ತು. ಮಾಸಿದ ರಟ್ಟಿನ ಪೆಟ್ಟಿಗೆ, ಒಳಗೆ ಮೇಣದ ಕಾಗದ, ಅದರೊಳಗೆ ಮಿರುಗುವ ವೀಲ್ ಸಿಲಿಂಡರ್. ಮೂರು ತಿಂಗಳು ಹುಡುಕಿದ ಮೇಲೆ ಸಿಕ್ಕಿದ್ದನ್ನು ಬಿಚ್ಚಿ ನೋಡುವ ಬುದ್ಧಿ ನನಗೆ ಬರಲಿಲ್ಲ; ಹಾಗೆಯೇ ಕೂರಿಸಿದೆ. ಎರಡನೆಯ ವಾರ ಪೆಡಲ್ ಮೆಲ್ಲಗೆ ನೆಲಕ್ಕೆ ಇಳಿಯತೊಡಗಿತು. ಮೈನರ್‌ನಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಡಿಯಲ್ಲಿ, ಚಾಸಿಯ ಒಳಗೆ. ಆಯಿಲ್ ನೋಡಬೇಕಾದರೆ ಕಾರ್ಪೆಟ್ ಎತ್ತಿ ಸಣ್ಣ ತಗಡು ಬಿಚ್ಚಬೇಕು. ಬಿಚ್ಚಿ ನೋಡಿದರೆ ಆಯಿಲ್ ತಳ ಕಂಡಿತ್ತು. ಹೊಸದೆಂದು ಹಾಕಿದ ಸಿಲಿಂಡರಿನ ರಬ್ಬರ್ ಕಪ್ಪನ್ನು ಹೊರತೆಗೆದು ಉಗುರಿನಿಂದ ಒತ್ತಿದಾಗ ಗುರುತು ಹಾಗೆಯೇ ಉಳಿಯಿತು, ಅಂಚನ್ನು ಮಡಚಿದಾಗ ಕೂದಲೆಳೆಯಂಥ ಬಿರುಕುಗಳು ಬಾಯ್ದೆರೆದವು. ಬೋರಿನೊಳಗೆ, ಕಪ್ಪು ಹತ್ತಾರು ವರ್ಷ ಕೂತಿದ್ದ ಜಾಗದಲ್ಲೇ, ಬಳೆಯಂತೆ ತೆಳ್ಳನೆ ತುಕ್ಕಿನ ಗೆರೆ. ನನ್ನ ಕಾರಿನದು ಒಂದೇ ಸರ್ಕ್ಯೂಟಿನ ಬ್ರೇಕ್: ಆರು ವೀಲ್ ಸಿಲಿಂಡರುಗಳಲ್ಲಿ ಒಂದು ಕೈಕೊಟ್ಟರೆ ನಾಲ್ಕೂ ಚಕ್ರಗಳ ಬ್ರೇಕ್ ಹೋದಂತೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಸರ್ಕ್ಯೂಟ್ ಕಡ್ಡಾಯವಾದದ್ದು ಸುಮ್ಮನೆ ಅಲ್ಲ. ಪೆಟ್ಟಿಗೆ ಒಡೆಯದ ಹಳೆಯ ಭಾಗದಲ್ಲಿ ಲೋಹಕ್ಕೆ ಬೆಲೆಯುಂಟು, ರಬ್ಬರಿಗೆ ಇಲ್ಲ. ಹಳೆಯ ದಾಸ್ತಾನಿನ ಹೋಸ್ ಪೈಪನ್ನಂತೂ ಪುಕ್ಕಟೆ ಕೊಟ್ಟರೂ ಹಾಕಬಾರದು. ಹೊರಗೆ ಚೆನ್ನಾಗಿಯೇ ಕಾಣುವ ಹೋಸ್ ಒಳಗೆ ಊದಿಕೊಂಡು, ಆಯಿಲನ್ನು ಚಕ್ರದ ಕಡೆ ಬಿಟ್ಟು ವಾಪಸು ಬಿಡದೆ, ಬ್ರೇಕ್ ಹಿಡಿದೇ ಇರುವಂತೆ ಮಾಡುತ್ತದೆ. ಉದ್ದ ಮತ್ತು ತುದಿಗಳ ಅಳತೆ ಕೊಟ್ಟರೆ ಹೊಸ ಹೋಸ್ ಮಾಡಿಸುವುದು ಕಷ್ಟವೇನಲ್ಲ.

ಹಾಗಾದರೆ ದಾರಿ ಯಾವುದು? ನನ್ನ ಅನುಭವದಲ್ಲಿ, ಕಾರಿನಲ್ಲಿ ಈಗಿರುವ ಸಿಲಿಂಡರೇ ಎಲ್ಲಕ್ಕಿಂತ ಒಳ್ಳೆಯ ಬಿಡಿಭಾಗ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಬೋರಿನ ತಳಭಾಗದಲ್ಲಿ ತುಕ್ಕಿನ ಸಣ್ಣ ಕುಳಿಗಳು ಬೀಳುತ್ತವೆ. ಅವುಗಳನ್ನು ಉಜ್ಜಿ ತೆಗೆಯಲು ಹೋದರೆ ಬೋರ್ ಹಿಗ್ಗುತ್ತದೆ, ಕಪ್ಪು ಹಿಡಿಯುವುದಿಲ್ಲ. ಅದರ ಬದಲು ಲೇಥಿನಲ್ಲಿ ಕೊರೆದು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಲೀವ್ (ಒಳಗೆ ಕೂರುವ ಕೊಳವೆ) ಕೂರಿಸಿ, ಮೊದಲಿನ ಅಳತೆಗೇ ನಯಗೊಳಿಸಬಹುದು. ಗೆಳೆಯರ ಸಲೂನ್ ಓಡುತ್ತಿರುವುದು ಹೀಗೆ. ವೀಲ್ ಸಿಲಿಂಡರಿಗೆ ಈ ಕೆಲಸ ಸುಲಭ, ಮಾಸ್ಟರ್ ಸಿಲಿಂಡರಿಗೆ ಸೂಕ್ಷ್ಮ. ಪೆಡಲ್ ಬಿಟ್ಟಾಗ ಆಯಿಲ್ ತೊಟ್ಟಿಗೆ ಮರಳಲು ಅದರಲ್ಲಿ ಸೂಜಿ ತೂರುವಷ್ಟು ಸಣ್ಣದೊಂದು ರಂಧ್ರವಿರುತ್ತದೆ. ಸ್ಲೀವ್ ಹಾಕಿದ ಮೇಲೆ ಅದನ್ನು ಮೊದಲಿದ್ದ ಜಾಗದಲ್ಲೇ ಕೊರೆದು, ಒಳಗಿನ ಚೂಪನ್ನು ಸವರಿ ತೆಗೆಯಬೇಕು. ಆ ರಂಧ್ರ ಮುಚ್ಚಿದ್ದರೆ, ಬಿಸಿಯಾಗಿ ಹಿಗ್ಗಿದ ಆಯಿಲಿಗೆ ದಾರಿಯಿಲ್ಲದೆ, ತುಳಿಯದಿದ್ದರೂ ಬ್ರೇಕ್ ಹಿಡಿಯುತ್ತಾ ಹೋಗುತ್ತದೆ. ಚೂಪು ಉಳಿದಿದ್ದರೆ ಹೊಸ ಕಪ್ಪಿನ ಅಂಚು ಪ್ರತಿ ತುಳಿತಕ್ಕೂ ಒಂದಿಷ್ಟು ಕೊಯ್ದುಹೋಗುತ್ತದೆ. ಈ ಕೆಲಸವನ್ನು ಮುಂಚೆ ಮಾಡಿದ ಕೈಗೇ ಒಪ್ಪಿಸಬೇಕು.

ಶೂಗಳ ಮಾತೂ ಹೀಗೆಯೇ. ಅಪರೂಪವಾದದ್ದು ಲೋಹದ ಶೂ. ಅದರ ಮೇಲಿನ, ಉಜ್ಜಿ ಸವೆಯುವ ಲೈನರನ್ನು ರಿವೆಟ್ ಹೊಡೆದೋ ಅಂಟಿಸಿಯೋ ಹೊಸದು ಮಾಡಿಸಬಹುದು, ಡ್ರಮ್ಮಿನ ಬಾಗಿಗೆ ತಕ್ಕಂತೆ ಅದನ್ನು ಉಜ್ಜಿಸಿಕೊಂಡರೆ ಸಾಕು. ಹಳೆಯ ದಾಸ್ತಾನಿನ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವಾಗ, ಡ್ರಮ್ ಬಿಚ್ಚಿದ ಕೂಡಲೇ ಗಾಳಿ ಹೊಡೆದು ಧೂಳು ಹಾರಿಸುವ ಅಭ್ಯಾಸ ಇನ್ನೂ ಹೋಗದಿರುವುದು ನನಗೆ ಅರ್ಥವಾಗುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಆಗುವ ಕೆಲಸ ಅದು. ಡಿಸ್ಕ್ ಬ್ರೇಕಿನ ಕಾರುಗಳಲ್ಲಿ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಕ್ಯಾಲಿಪರಿನ ಮೈ ಸಾಮಾನ್ಯವಾಗಿ ಉಳಿದಿರುತ್ತದೆ, ಪಿಸ್ಟನ್ ಮಾತ್ರ ತುಕ್ಕು ಹಿಡಿದಿರುತ್ತದೆ. ಅದನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ತಿರುಗಿಸಿಕೊಡುವವರಿದ್ದಾರೆ. ನಿಜಕ್ಕೂ ಬದಲಿಯಿಲ್ಲದ ಭಾಗವೆಂದರೆ ಬೀಡುಕಬ್ಬಿಣದ ಡ್ರಮ್. ತಯಾರಕರು ಹೇಳಿದ ಮಿತಿ ಮೀರಿ ಸವೆದ ಡ್ರಮ್ಮಿಗೆ ವೆಲ್ಡಿಂಗಿನಿಂದ ಲೋಹ ತುಂಬಿಸಿ ಕಡೆಯುತ್ತೇವೆ ಎನ್ನುವವರಿಂದ ದೂರವಿರುವುದು ಲೇಸು. ಬಿಸಿಯಾದಾಗ ಬಿರುಕು ಬಿಡುವುದು ಅಲ್ಲಿಯೇ.

ಆಯಿಲಿನ ಬಗ್ಗೆ ಒಂದೇ ಮಾತು. ಡಬ್ಬಿಯ ಮೇಲಿನ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಒಂದು ಜಾತಿ. ಡಾಟ್ 5 ಸಿಲಿಕೋನಿನದು, ಬೇರೆಯೇ ಜಾತಿ. ಸಂಖ್ಯೆ ಹತ್ತಿರವಿದೆಯೆಂದು 5ನ್ನೂ 5.1ನ್ನೂ ಬೆರೆಸಬಾರದು. ಹಸಿರು ಖನಿಜ ದ್ರವದ ಸಿಟ್ರೊಯೆನ್ ಕಾರುಗಳಿಗೆ ಇವುಗಳಲ್ಲಿ ಯಾವುದೂ ಸಲ್ಲದು, ಆ ಹಸಿರು ದ್ರವವೂ ಡಾಟ್ ಆಯಿಲಿನ ಕಾರುಗಳಿಗೆ ಸಲ್ಲದು. ತಪ್ಪಿದರೆ ಅಷ್ಟು ಕಷ್ಟಪಟ್ಟು ಹೊಂದಿಸಿದ ರಬ್ಬರೆಲ್ಲ ಹಾಳಾಗುತ್ತದೆ.

ನನ್ನ ಕೋರಿಕೆಗಳು ಇಷ್ಟೆ. ಹಳೆಯ ಬ್ರೇಕ್ ಭಾಗ ಮಾರುವವರು ‘ಇಂಥ ಕಾರಿನದು’ ಎಂದು ಬರೆದು ಸುಮ್ಮನಾಗದೆ ಬೋರಿನ ಅಳತೆ, ಯೂನಿಯನ್ನಿನ ಎಳೆ, ಬೋಲ್ಟ್ ತೂತುಗಳ ನಡುವಿನ ದೂರ ಇವನ್ನು ನಮೂದಿಸಲಿ. ಸಾಮಾನ್ಯ ವರ್ನಿಯರ್ ಇದ್ದರೆ ಐದು ನಿಮಿಷದ ಕೆಲಸ. ಕಾರಿನ ಮಾಲೀಕರು ಬ್ರೇಕ್ ಕೆಡುವ ಮೊದಲೇ, ಯಾವಾಗಲಾದರೂ ಡ್ರಮ್ ಬಿಚ್ಚಿದ ದಿನ, ಇದೇ ಅಳತೆಗಳನ್ನು ಬರೆದಿಟ್ಟುಕೊಳ್ಳಲಿ. ಕಾರು ಒಡೆದು ಗುಜರಿಗೆ ಹಾಕುವವರು ತೂಕದ ಲೆಕ್ಕಕ್ಕೆ ಸೇರಿಸುವ ಮುನ್ನ ಡ್ರಮ್, ಶೂ, ಸಿಲಿಂಡರುಗಳನ್ನು ಬೇರೆ ಎತ್ತಿಡಲಿ. ಸೋರುತ್ತಿದ್ದರೂ ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಎರಕ ಸೀಳದಿದ್ದರೆ ಅದಕ್ಕೆ ಸ್ಲೀವ್ ಹಾಕಬಹುದು. ಅಂದು ತಪ್ಪಾಗಿ ಬಂದ ಆ ಎಂಟರಲ್ಲಿ ಏಳು ಭಾಗದ ಸಿಲಿಂಡರನ್ನು ನಾವೂ ಎಸೆದಿಲ್ಲ. ಅಳತೆಯ ಚೀಟಿ ಕಟ್ಟಿ, ಅದೇ ಅಳತೆ ಕೇಳಿಕೊಂಡು ಬರುವವರಿಗಾಗಿ ಎತ್ತಿಟ್ಟಿದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ಮಾರಿಸ್ ಮೈನರ್ ಕಾರಿನ ಮಾಲೀಕನಾದ ಓದುಗ