ಹೊಟ್ಟೆ ಮುಚ್ಚುವ ಹೊತ್ತಿನ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹರ್ನಿಯಾ ಸಂಶೋಧನೆಯನ್ನು ಎಲ್ಲಿಂದ ಓದಲು ಶುರು ಮಾಡಲಿ, ಯಾವ ಮೆಶ್ ಒಳ್ಳೆಯದು ಎಂದು ಕೇಳಿದ್ದೀಯ. ಮೆಶ್, ಅಂದರೆ ಹೊಟ್ಟೆಯ ಗೋಡೆಗೆ ಆಸರೆಯಾಗಿ ಇಡುವ ಬಲೆ, ಸದ್ಯಕ್ಕೆ ಪಕ್ಕಕ್ಕಿರಲಿ. ಮೊದಲು ಓದಬೇಕಾದ್ದು ಹೊಟ್ಟೆ ಮುಚ್ಚುವ ಹೊಲಿಗೆಯ ಬಗ್ಗೆ. ಆಪರೇಷನ್ನಿನ ಗಾಯದಲ್ಲೇ ಹುಟ್ಟುವ ಹರ್ನಿಯಾ, ಅಂದರೆ ಇನ್ಸಿಶನಲ್ ಹರ್ನಿಯಾ, ಬಹಳಷ್ಟು ಸಲ ತೀರ್ಮಾನವಾಗುವುದು ಕೊನೆಯ ಹದಿನೈದು ನಿಮಿಷದಲ್ಲಿ. ಮುಖ್ಯ ಕೆಲಸ ಮುಗಿಯಿತೆಂದು ಹಿರಿಯರು ಗ್ಲೌಸ್ ಕಳಚಿ ಕಿರಿಯರ ಕೈಗೆ ಸೂಜಿ ಒಪ್ಪಿಸುವ ಹೊತ್ತು ಅದು.

ನಡುಗೆರೆಯ ಗಾಯ, ಅಂದರೆ ಹೊಟ್ಟೆಯ ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ಹಾಕಿದ ಕೊಯ್ತ, ಒಳಗೆ ಬಾಯಿ ಬಿಡುವುದು ದಾರ ತುಂಡಾಗಿ, ಗಂಟು ಬಿಚ್ಚಿ ಎಂದು ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಅದೂ ಆಗುತ್ತದೆ, ಆದರೆ ಅಪರೂಪ. ಸಾಮಾನ್ಯವಾಗಿ ದಾರಕ್ಕೆ ಏನೂ ಆಗಿರುವುದಿಲ್ಲ, ಅದು ಹಿಡಿದುಕೊಂಡ ಅಂಗಾಂಶ ಹರಿದಿರುತ್ತದೆ. ಜೀರ್ಣವಾದ ಬಟ್ಟೆಗೆ ಹೊಸ ದಾರ ಹಾಕಿ ಬಿಗಿಯಾಗಿ ಎಳೆದರೆ ಏನಾಗುತ್ತದೋ ಅದೇ. 1989ರಲ್ಲಿ ಪೊಲಾಕ್ ಮತ್ತು ಇವಾನ್ಸ್ ಗಾಯದ ಎರಡೂ ಅಂಚಿಗೆ ಲೋಹದ ಕ್ಲಿಪ್ ಹಾಕಿ, ಎಕ್ಸ್‌ರೇಯಲ್ಲಿ ಅವುಗಳ ಅಂತರ ಅಳೆದರು. ಒಂದು ತಿಂಗಳ ಹೊತ್ತಿಗೆ ಅಂಚುಗಳು 12 ಮಿ.ಮೀ.ಗಿಂತ ಹೆಚ್ಚು ದೂರ ಸರಿದವರಲ್ಲಿ ಬಹುತೇಕ ಎಲ್ಲರಿಗೂ ಮುಂದೆ ಹರ್ನಿಯಾ ಬಂತು, ಸರಿಯದವರಲ್ಲಿ ಹೆಚ್ಚುಕಡಿಮೆ ಯಾರಿಗೂ ಬರಲಿಲ್ಲ. ಮೂರು ವರ್ಷದ ಮೇಲೆ ಉಬ್ಬು ಕಾಣಿಸಿಕೊಂಡಾಗ ರೋಗಿ ಭಾರ ಎತ್ತಿರಬೇಕು ಎಂದು ದೂರುವ ಮೊದಲು ಈ ಪ್ರಯೋಗ ನೆನಪಿಸಿಕೊ.

ಇನ್ನು ಹೊಲಿಗೆಯ ಅಳತೆ. 1976ರಲ್ಲಿ ಜೆಂಕಿನ್ಸ್ ಒಂದು ಲೆಕ್ಕ ಹಾಕಿದ. ಆಪರೇಷನ್ ಆದ ಮೇಲೆ ಹೊಟ್ಟೆ ಉಬ್ಬಿದರೆ ಗಾಯದ ಉದ್ದ ಶೇ. 30ರವರೆಗೆ ಹಿಗ್ಗಬಹುದು. ಆ ಹಿಗ್ಗಿಗೆ ದಾರ ಜಾಗ ಕೊಡದಿದ್ದರೆ ಅದು ಅಂಗಾಂಶವನ್ನು ಕೊಯ್ಯುತ್ತದೆ. ಹಾಗಾಗಿ ಹೊಲಿಗೆಯೊಳಗೆ ಉಳಿಯುವ ದಾರ ಗಾಯದ ಉದ್ದದ ಕನಿಷ್ಠ ನಾಲ್ಕು ಪಟ್ಟು ಇರಬೇಕು. ಇದನ್ನು ಕಣ್ಣಂದಾಜಿನಲ್ಲಿ ಹೇಳಬೇಡ, ಅಳೆ. ಚರ್ಮದ ಗಾಯವನ್ನಲ್ಲ, ಫ್ಯಾಸಿಯಾದ, ಅಂದರೆ ಸ್ನಾಯುಗಳನ್ನು ಹೊದ್ದ ಗಟ್ಟಿ ಪೊರೆಯ, ಗಾಯವನ್ನು ಸ್ಕೇಲಿನಲ್ಲಿ ಅಳೆದುಕೋ. ಕೊನೆಯಲ್ಲಿ ಕತ್ತರಿಸಿ ಬಿಸಾಡುವ ದಾರದ ತುಂಡುಗಳನ್ನೂ ಅಳೆ. 20 ಸೆಂ.ಮೀ. ಗಾಯಕ್ಕೆ 150 ಸೆಂ.ಮೀ.ನ ಎರಡು ದಾರ ತೆಗೆದುಕೊಂಡು 210 ಸೆಂ.ಮೀ. ಮಿಕ್ಕಿದ್ದರೆ ಒಳಗೆ ಉಳಿದದ್ದು 90. ಅನುಪಾತ 4.5, ಸಾಕು. ಮಿಕ್ಕಿದ್ದು 235 ಆದರೆ ಅನುಪಾತ 3.25. ಗಾಯ ಎಷ್ಟೇ ಅಂದವಾಗಿ ಕಂಡರೂ ಬಿಚ್ಚಿ ಮತ್ತೆ ಹೊಲಿಯಬೇಕು.

ಆದರೆ ನಾಲ್ಕು ಪಟ್ಟನ್ನು ಎರಡು ದಾರಿಯಲ್ಲಿ ಮುಟ್ಟಬಹುದು: ಅಂಚಿನಿಂದ ದೂರ ಚುಚ್ಚಿ ಕಡಿಮೆ ಹೊಲಿಗೆ, ಇಲ್ಲವೇ ಹತ್ತಿರ ಚುಚ್ಚಿ ಹೆಚ್ಚು ಹೊಲಿಗೆ. ಬಹಳ ವರ್ಷ ಎಲ್ಲರೂ ಕಲಿಸಿದ್ದು ಮೊದಲನೆಯದನ್ನೇ. ಸೆಂಟಿಮೀಟರ್ ಒಳಗೆ ಚುಚ್ಚು, ಸೆಂಟಿಮೀಟರಿಗೊಂದು ಹಾಕು. ದೊಡ್ಡ ಹಿಡಿತ ಎಂದರೆ ಗಟ್ಟಿ ಹಿಡಿತ ಎಂಬ ನಂಬಿಕೆ. ಆ ದೊಡ್ಡ ಹಿಡಿತದೊಳಗೆ ಸ್ನಾಯು, ಕೊಬ್ಬು ಎರಡೂ ಸಿಕ್ಕಿಕೊಳ್ಳುತ್ತವೆ. ಮೆತ್ತನೆಯ ಆ ಅಂಗಾಂಶ ಒತ್ತಡಕ್ಕೆ ನಲುಗಿ ಸತ್ತು ಕುಗ್ಗುತ್ತದೆ, ಕುಣಿಕೆ ಸಡಿಲವಾಗುತ್ತದೆ, ಅಂಚುಗಳು ಬೇರೆಯಾಗುತ್ತವೆ. ಸತ್ತ ಕೊಬ್ಬು ಸೋಂಕಿಗೂ ಆಹಾರ. ಸ್ವೀಡನ್ನಿನ ಮಿಲ್‌ಬೋರ್ನ್ ಮತ್ತು ಇಸ್ರೇಲ್ಸನ್ ತಂಡ 2009ರಲ್ಲಿ 737 ರೋಗಿಗಳ ಪ್ರಯೋಗ ಪ್ರಕಟಿಸಿತು. ದೊಡ್ಡ ಹೊಲಿಗೆಯಲ್ಲಿ ಹರ್ನಿಯಾ ಶೇ. 18, ಸಣ್ಣ ಹೊಲಿಗೆಯಲ್ಲಿ 5.6. ಗಾಯದ ಸೋಂಕು ಕೂಡ 10.2ರಿಂದ 5.2ಕ್ಕೆ ಇಳಿಯಿತು. ನೆದರ್ಲೆಂಡ್ಸ್‌ನ ಸ್ಟಿಚ್ ಪ್ರಯೋಗ (2015, 560 ರೋಗಿಗಳು) ಒಂದು ವರ್ಷಕ್ಕೆ ಕಂಡದ್ದು ದೊಡ್ಡ ಹೊಲಿಗೆಯ ಶೇ. 21ಕ್ಕೆ ಎದುರಾಗಿ ಸಣ್ಣ ಹೊಲಿಗೆಯಲ್ಲಿ 13. ಅದಕ್ಕಾಗಿ ತೆತ್ತ ಬೆಲೆ ಹೊಲಿಯಲು 10 ನಿಮಿಷದ ಬದಲು 14. ನಾಲ್ಕು ನಿಮಿಷ, ಅಷ್ಟೇ! ಇದಕ್ಕೂ ಸಮಯವಿಲ್ಲ ಎನ್ನುವವರ ಮಾತು ನನಗಂತೂ ಒಪ್ಪಿಗೆಯಿಲ್ಲ.

ಕೈಯಲ್ಲಿ ಅದು ಹೀಗೆ. ನಿಧಾನವಾಗಿ ಕರಗುವ ಒಂಟಿ ಎಳೆಯ, 2-0 ದಪ್ಪದ ದಾರ, ಪಿಡಿಎಸ್ ಅಂಥದ್ದು. ಸಣ್ಣ ಸೂಜಿ, ಸ್ಟಿಚ್‌ನಲ್ಲಿ 31 ಮಿ.ಮೀ. ಇತ್ತು, ದೊಡ್ಡ ಹೊಲಿಗೆಯ ಗುಂಪಿಗೆ 48. ದೊಡ್ಡ ಸೂಜಿ ಕೈಯಲ್ಲಿದ್ದರೆ ಸಣ್ಣ ಹೊಲಿಗೆ ಹಾಕುತ್ತೇನೆಂಬ ಸಂಕಲ್ಪ ನಾಲ್ಕನೇ ಚುಚ್ಚಿಗೇ ಕೈಕೊಡುತ್ತದೆ. ಗಾಯದ ಎರಡು ತುದಿಯಿಂದ ಎರಡು ದಾರ ಹೊರಟು ನಡುವೆ ಕನಿಷ್ಠ 2 ಸೆಂ.ಮೀ. ಒಂದರ ಮೇಲೊಂದು ಹಾಯಬೇಕು. ಅಂಚಿನಿಂದ 5 ಮಿ.ಮೀ., ಹೊಲಿಗೆಯಿಂದ ಹೊಲಿಗೆಗೆ 5 ಮಿ.ಮೀ. ಬಿಳಿಯ ಅಪೊನ್ಯೂರೋಸಿಸ್, ಅಂದರೆ ಸ್ನಾಯುವಿನ ಗಟ್ಟಿ ಪಟ್ಟಿ, ಮಾತ್ರ ಸೂಜಿಗೆ ಸಿಗಲಿ. 20 ಸೆಂ.ಮೀ.ಗೆ ನಲವತ್ತರ ಹತ್ತಿರ ಹೊಲಿಗೆ ಆಗಬೇಕು. ಇಪ್ಪತ್ತೈದಕ್ಕೇ ಮುಗಿದರೆ ಎಲ್ಲೋ ಹಾರಿಸಿದ್ದೀಯ ಎಂದೇ ಅರ್ಥ. ಅಂಚು ಕಾಣದಿದ್ದರೆ ಅದರ ಮೇಲಿನ ಕೊಬ್ಬನ್ನು ಕಾಣುವಷ್ಟು ಮಾತ್ರ ಸರಿಸು, ಅಗಲವಾಗಿ ಬಿಡಿಸಬೇಡ. ಅಂಚುಗಳು ಕೂಡಿದರೆ ಸಾಕು, ಹಿಸುಕಬೇಡ. ಪಕ್ಕದಲ್ಲಿ ದಾರ ಹಿಡಿಯುವವರಿಗೂ ಹೇಳಿಡು. ಬಿಗಿ ಮಾಡಿ ಅನುಪಾತ ಕೆಡಿಸುವುದು ಹೆಚ್ಚಾಗಿ ಅವರ ಕೈ. ಸೂಜಿ ಹಿಡಿಯುವ ಇಕ್ಕಳದಿಂದ ದಾರವನ್ನು ಕಚ್ಚಿಸಬೇಡ, ಒಂಟಿ ಎಳೆಯ ದಾರ ಕಚ್ಚಿದಲ್ಲೇ ಸೋಲುತ್ತದೆ.

ಆದರೆ ಆ ಅಂಕಿಗಳನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಡ. ಸ್ಟಿಚ್‌ನಲ್ಲಿದ್ದವರು ಹೆಚ್ಚಾಗಿ ತೆಳ್ಳಗಿನವರು, ಯೋಜಿತ ಆಪರೇಷನ್ನಿಗೆ ಬಂದವರು. ನಡುರಾತ್ರಿ ಕರುಳು ತೂತಾಗಿ ಬಂದವರಿಗೆ ಅದೇ ಶೇಕಡಾವಾರು ಹೊಂದುತ್ತದೆ ಎನ್ನುವಂತಿಲ್ಲ. ಒಂದು ವರ್ಷದ ಫಲಿತಾಂಶವೂ ಪೂರ್ತಿ ಕಥೆಯಲ್ಲ. ಜರ್ಮನಿಯ ಎರಡು ಪ್ರಯೋಗಗಳ ರೋಗಿಗಳನ್ನು ಮುಂದುವರಿಸಿ ನೋಡಿದಾಗ ಮೊದಲ ವರ್ಷ ಶೇ. 12.6 ಇದ್ದ ಹರ್ನಿಯಾ ಮೂರನೇ ವರ್ಷಕ್ಕೆ 22.4 ಆಗಿತ್ತು. ಯಾವ ಪ್ರಬಂಧ ಓದಿದರೂ ಎರಡು ಪ್ರಶ್ನೆ ಕೇಳು: ಎಷ್ಟು ವರ್ಷ ನೋಡಿದರು, ಕೈಯಲ್ಲಿ ಮುಟ್ಟಿ ನೋಡಿದರೋ, ಸ್ಕ್ಯಾನ್ ಮಾಡಿದರೋ? ಕೈಗೆ ಸಿಗದ ಎಷ್ಟೋ ಹರ್ನಿಯಾಗಳು ಅಲ್ಟ್ರಾಸೌಂಡಿಗೆ, ಸಿಟಿಗೆ ಸಿಗುತ್ತವೆ.

ಅಪಾಯ ಹೆಚ್ಚಿರುವವರಿಗೆ ಹೊಲಿಗೆಯ ಜೊತೆ ಮುಂಚಿತವಾಗಿಯೇ ಮೆಶ್ ಇಡುವ ಮಾತು ಬರುವುದು ಇಲ್ಲಿ. ಪ್ರೈಮಾ ಪ್ರಯೋಗ (2017) ಮಹಾಪಧಮನಿ ಊದಿಕೊಂಡವರು ಅಥವಾ ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ 27 ಹಾಗೂ ಅದಕ್ಕಿಂತ ಹೆಚ್ಚಿದ್ದವರು, ಒಟ್ಟು 480 ಜನರನ್ನು ಸೇರಿಸಿತು. ಎರಡು ವರ್ಷಕ್ಕೆ ಬರಿಯ ಹೊಲಿಗೆಯಲ್ಲಿ ಹರ್ನಿಯಾ ಶೇ. 30, ಫ್ಯಾಸಿಯಾದ ಮೇಲೆ ಮೆಶ್ ಇಟ್ಟ ಆನ್‌ಲೇಯಲ್ಲಿ 13, ಸ್ನಾಯುವಿನ ಹಿಂದೆ ಇಟ್ಟ ಸಬ್‌ಲೇಯಲ್ಲಿ 18. ಆನ್‌ಲೇ ಸುಲಭ, ಆದರೆ ಚರ್ಮ ಮತ್ತು ಕೊಬ್ಬನ್ನು ಎತ್ತಿ ಜಾಗ ಮಾಡಿದ್ದಕ್ಕೆ ಅಲ್ಲಿ ದ್ರವ ತುಂಬುತ್ತದೆ. ಸೀರೋಮಾ ಶೇ. 18ರಷ್ಟು ಜನರಲ್ಲಿ ಬಂತು, ಬರಿಯ ಹೊಲಿಗೆಯಲ್ಲಿ 5. ಅಲ್ಲಿದ್ದ ಬರಿಯ ಹೊಲಿಗೆ ಸಣ್ಣ ಹೊಲಿಗೆಯಲ್ಲ ಎಂಬುದನ್ನೂ ಗುರುತು ಹಾಕಿಕೋ. ಸಣ್ಣ ಹೊಲಿಗೆಯನ್ನು ಸರಿಯಾಗಿ ಕಲಿಯದ ವಿಭಾಗ ನೇರವಾಗಿ ಮೆಶ್‌ಗೆ ಹಾರುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೂ ಅಗ್ಗದ ಉಪಾಯ ಒಂದಿದೆ: ನಡುಗೆರೆಯನ್ನೇ ತಪ್ಪಿಸುವುದು. ಲ್ಯಾಪರೋಸ್ಕೋಪಿಯಲ್ಲಿ ಕತ್ತರಿಸಿದ ಕರುಳನ್ನು ಹೊಕ್ಕುಳ ಬಳಿಯಿಂದ ತೆಗೆಯುವ ಬದಲು ಕಿಬ್ಬೊಟ್ಟೆಯ ಅಡ್ಡಗಾಯದಿಂದ ತೆಗೆದರೆ ಹರ್ನಿಯಾ ಬಹಳ ಕಡಿಮೆ. 10 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಪೋರ್ಟ್‌ಗಳನ್ನು (ಉಪಕರಣ ತೂರಿಸುವ ತೂತುಗಳನ್ನು), ಅದರಲ್ಲೂ ಹೊಕ್ಕುಳದ್ದನ್ನು, ಮರೆಯದೆ ಮುಚ್ಚು.

ಬಂದ ಹರ್ನಿಯಾ ರಿಪೇರಿಯ ವಿಷಯಕ್ಕೆ ಬಂದರೆ, 2000ದಲ್ಲಿ ಲೂಯೆನ್‌ಡೈಕ್ ತಂಡ ತೋರಿಸಿದ್ದು ಈಗ ಎಲ್ಲರಿಗೂ ಬಾಯಿಪಾಠ. ಮೂರು ವರ್ಷಕ್ಕೆ ಮರುಕಳಿಸಿದ್ದು ಬರಿಯ ಹೊಲಿಗೆಯಲ್ಲಿ ಶೇ. 43, ಮೆಶ್‌ನಲ್ಲಿ 24. ಹತ್ತು ವರ್ಷಕ್ಕೆ ಅದೇ ರೋಗಿಗಳಲ್ಲಿ 63 ಮತ್ತು 32. ಮೊದಲನೆಯದನ್ನು ಮಾತ್ರ ಉಲ್ಲೇಖಿಸುವವರು ಹೆಚ್ಚು. ನೀನು ಎರಡನೆಯದನ್ನೂ ಓದು. ಮೆಶ್ ಇಟ್ಟ ಮೇಲೂ ಮೂವರಲ್ಲಿ ಒಬ್ಬರಿಗೆ ಮರಳಿತು. ಮೆಶ್‌ಗೂ ತನ್ನದೇ ಸಾಲವಿದೆ. ಡೆನ್ಮಾರ್ಕಿನ ದಾಖಲೆಗಳಲ್ಲಿ ಐದು ವರ್ಷದೊಳಗೆ ಮೆಶ್‌ನಿಂದಲೇ ಆದ ತೊಡಕುಗಳು ತೆರೆದ ಆಪರೇಷನ್ನಿನಲ್ಲಿ ಶೇ. 5.6, ಲ್ಯಾಪರೋಸ್ಕೋಪಿಯಲ್ಲಿ 3.7.

ಮೆಶ್ ಇಡಲು ನನ್ನ ಆಯ್ಕೆ ರೆಕ್ಟಸ್ ಸ್ನಾಯುವಿನ, ಅಂದರೆ ಹೊಟ್ಟೆಯ ನಡುಗೆರೆಯ ಎರಡು ಪಕ್ಕ ಉದ್ದಕ್ಕೆ ಇಳಿಯುವ ಸ್ನಾಯುವಿನ, ಹಿಂದಿನ ಜಾಗ. ಹಿಂಪೊರೆಯನ್ನು ಅದರ ಒಳಅಂಚಿಗೆ ಹತ್ತಿರವಾಗಿ ಉದ್ದಕ್ಕೆ ಸೀಳಿ, ಸ್ನಾಯುವನ್ನು ಅದರಿಂದ ಬಿಡಿಸುತ್ತಾ ಪಕ್ಕಕ್ಕೆ ಹೋಗು. ಎಪಿಗ್ಯಾಸ್ಟ್ರಿಕ್ ರಕ್ತನಾಳ ಸ್ನಾಯುವಿಗೇ ಅಂಟಿಕೊಂಡು ಮೇಲಿರಬೇಕು. ಹೊರ ಅಂಚಿನಲ್ಲಿ ಸ್ನಾಯುವಿಗೆ ಬರುವ ನರಗಳು ಕಂಡ ಕೂಡಲೇ ನಿಲ್ಲು, ನಿನ್ನ ಗಡಿ ಅದು. ಅವನ್ನು ಕತ್ತರಿಸಿದರೆ ಸ್ನಾಯು ಸೊರಗುತ್ತದೆ. ಇನ್ನೂ ಮುಂದೆ ಹೋಗಿ ರೆಕ್ಟಸ್‌ನ ಹೊರ ಅಂಚಿನ ಅರ್ಧಚಂದ್ರ ರೇಖೆಯನ್ನೇ ಕೊಯ್ದರೆ ಪಕ್ಕದಲ್ಲಿ ನೀನೇ ಹೊಸ ಹರ್ನಿಯಾ ಮಾಡಿದಂತೆ, ಅದರ ರಿಪೇರಿ ಮೊದಲಿನದಕ್ಕಿಂತ ಕಷ್ಟ. ಹೊಕ್ಕುಳ ಕೆಳಗಿನ ಆರ್ಕುಯೇಟ್ ರೇಖೆಯಿಂದ ಕೆಳಕ್ಕೆ ಹಿಂಪೊರೆ ಇರುವುದಿಲ್ಲ, ತೆಳುವಾದ ಟ್ರಾನ್ಸ್‌ವರ್ಸಾಲಿಸ್ ಫ್ಯಾಸಿಯಾ ಮತ್ತು ಹೊಟ್ಟೆಯ ಒಳಪದರವಾದ ಪೆರಿಟೋನಿಯಂ ಮಾತ್ರ. ಅಲ್ಲಿ ತೂತು ಬಿದ್ದರೆ ಆಗಲೇ ಮುಚ್ಚು. ಹಿಂಪೊರೆಯ ಎರಡು ಅಂಚು ಎಳೆತವಿಲ್ಲದೆ ಕೂಡಬೇಕು. ಎಳೆದು ಕೂಡಿಸಿದರೆ ಅದು ಕೆಲವೇ ದಿನಗಳಲ್ಲಿ ಬಿರಿದು, ಪೊರೆಗೂ ಮೆಶ್‌ಗೂ ನಡುವೆ ಕರುಳು ನುಗ್ಗಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಉಬ್ಬು ಕಾಣುವುದಿಲ್ಲ, ವಾಂತಿ ಮಾತ್ರ ಇರುತ್ತದೆ; ಆಪರೇಷನ್ ಆದ ಮೇಲೆ ಕರುಳು ಮಂಕಾಗಿದೆ ಎಂದು ಕಾಯುತ್ತಾ ಕೂರಬೇಡ, ಸಿಟಿ ಮಾಡಿಸು.

ಎಷ್ಟು ದೊಡ್ಡ ರಂಧ್ರ ಹೀಗೆ ಮುಚ್ಚೀತು ಎಂಬುದಕ್ಕೆ ಸಿಟಿಯಲ್ಲೇ ಒಂದು ಅಂದಾಜು ಸಿಗುತ್ತದೆ. ಎರಡೂ ರೆಕ್ಟಸ್‌ಗಳ ಅಗಲ ಕೂಡಿಸು. ಮೊತ್ತ ರಂಧ್ರದ ಅಗಲದ ದುಪ್ಪಟ್ಟಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಇಷ್ಟೇ ಸಾಕು. ಕಡಿಮೆ ಇದ್ದರೆ ಪಕ್ಕದ ಸ್ನಾಯುಗಳನ್ನು ಬಿಡಿಸುವ ತಯಾರಿ ಬೇಕು, ಅದು ಕಲಿತವರ ಕೈಯಲ್ಲೇ ಆಗಬೇಕಾದ ಕೆಲಸ.

ರೋಗಿಯ ತಯಾರಿ ಗೊತ್ತಿದ್ದದ್ದೇ: ಕನಿಷ್ಠ ನಾಲ್ಕು ವಾರ ಮೊದಲೇ ಸಿಗರೇಟು ಬಿಡಿಸು, ಸಕ್ಕರೆ ಹತೋಟಿಗೆ ತಾ, ತೂಕ ಇಳಿಸು. ಆಪರೇಷನ್ ಆದ ಮೇಲಿನ ಬೆಲ್ಟ್ ನೋವಿಗೆ, ಧೈರ್ಯಕ್ಕೆ ಚೆನ್ನ. ಹರ್ನಿಯಾ ತಡೆಯುತ್ತದೆ ಎಂದು ಮಾತ್ರ ರೋಗಿಗೆ ಹೇಳಬೇಡ, ಅದಕ್ಕೆ ಆಧಾರವಿಲ್ಲ. ಮೂರು ತಿಂಗಳು ಏನೂ ಎತ್ತಬೇಡಿ ಎಂಬ ಸಲಹೆಯೂ ಪ್ರಯೋಗದಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು.

ಮುಂದಿನ ನಡುಗೆರೆಯ ಕೇಸಿನಿಂದಲೇ ಆಪರೇಷನ್ ನೋಟಿನಲ್ಲಿ ಗಾಯದ ಉದ್ದ, ಒಳಗುಳಿದ ದಾರದ ಉದ್ದ, ಹೊಲಿಗೆಗಳ ಸಂಖ್ಯೆ, ಈ ಮೂರನ್ನು ಬರೆಯಲು ಶುರು ಮಾಡು. ಹತ್ತಿಪ್ಪತ್ತು ಕೇಸ್ ಆದ ಮೇಲೆ ಆ ಪಟ್ಟಿ ಕಳಿಸು, ಕೂತು ನೋಡೋಣ.

ನಿನ್ನ ಗೆಳೆಯ