ಮಗಳಿಗೊಂದು ಪತ್ರ: ಆ ವಾರವನ್ನು ಗ್ರೇವೆಗೆ ಕೊಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಇಟಲಿ ಪ್ಲ್ಯಾನ್ ನೋಡಿದೆ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ನಡುವೆ ಒಂದು ದಿನ ಸಮುದ್ರ. ಎಲ್ಲ ಒಂದೇ ವಾರದಲ್ಲಿ. ರೈಲಿನ ಹೊತ್ತು, ಹೋಟೆಲ್, ಮ್ಯೂಸಿಯಂ ಟಿಕೆಟ್, ಯಾವುದನ್ನೂ ಬಿಟ್ಟಿಲ್ಲ. ಅಷ್ಟು ಅಚ್ಚುಕಟ್ಟು. ಆದರೂ ಓದುತ್ತಾ ಓದುತ್ತಾ ನನಗೆ ಸಂಕಟವಾಯಿತು. ಐಂಡ್‌ಹೋವನ್‌ನಲ್ಲಿ ವರ್ಷವಿಡೀ ಒಂದು ಮೀಟಿಂಗ್ ಮುಗಿಸಿ ಇನ್ನೊಂದಕ್ಕೆ ಓಡುತ್ತೀಯ. ರಜೆಯಲ್ಲೂ ಪೆಟ್ಟಿಗೆ ಎಳೆದುಕೊಂಡು ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಓಡಬೇಕಾ?

ನನ್ನದೊಂದು ಮಾತು ಕೇಳು. ಆ ವಾರ ಪೂರ್ತಿ ಒಂದೇ ಊರಲ್ಲಿ ಇರು. ನಾನೂ ನಿಮ್ಮಪ್ಪನೂ ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಉಳಿದುಕೊಂಡಿದ್ದ ಊರು, ಇಟಲಿಯ ಕಿಯಾಂಟಿ ಅನ್ನುವ ವೈನ್ ಸೀಮೆಯ ಗ್ರೇವೆ ಇನ್ ಕಿಯಾಂಟಿ.

ಫ್ಲಾರೆನ್ಸ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ರೈಲಿಲ್ಲ, ಬಸ್ಸೇ ಗತಿ. ಒಂದು ಗಂಟೆ ದಾರಿ. ಈ ರಸ್ತೆಗೆ ಕಿಯಾಂಟಿಜಾನಾ ಅಂತಾರೆ. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ಗುಡ್ಡಗಳ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ಊರ ಮಧ್ಯೆ ಮೂರು ಮೂಲೆಯ ಚೌಕ ಇದೆ, ಪಿಯಾಜ್ಜಾ ಮಾಟ್ಟೆಯೊಟ್ಟಿ. ಸುತ್ತ ಕಮಾನಿನ ಮೊಗಸಾಲೆ, ಅದರ ಕೆಳಗೆ ಅಂಗಡಿಗಳು, ಕಿರಿದಾದ ತುದಿಯಲ್ಲಿ ಚರ್ಚು. ನಡುವೆ ಜೊವಾನ್ನಿ ದ ವೆರಾಜ್ಜಾನೊನ ಪ್ರತಿಮೆ. 1524ರಲ್ಲಿ ಈಗಿನ ನ್ಯೂಯಾರ್ಕ್ ಬಂದರಿಗೆ ಹಡಗು ತಂದವನು ಇವನೇ. ಅವನ ಮನೆತನದ ಕೋಟೆ ಊರ ಹತ್ತಿರವೇ ಇದೆ. ಊರಲ್ಲಿ ನೋಡುವಂಥದ್ದು ಇಷ್ಟೇ ಅಂದರೂ ಸರಿ. ಬೆಳಿಗ್ಗೆ ಬಂದವರು ಮಧ್ಯಾಹ್ನದೊಳಗೆ ನೋಡಿ ಮುಗಿಸುತ್ತಾರೆ, ಒಂದು ಬಾಟಲಿ ಕೊಂಡುಕೊಂಡು ಬಸ್ ಹತ್ತುತ್ತಾರೆ. ನೀನು ಹಾಗೆ ಮಾಡಬೇಡ.

ವೈನ್ ಊರಲ್ಲಿ ನಿಮ್ಮಮ್ಮನಿಗೇನು ಕೆಲಸ ಅಂತ ನಿನ್ನ ಗೆಳತಿಯರು ಕೇಳಬಹುದು. ನಾನು ವೈನ್ ಕುಡಿಯುವವಳಲ್ಲ. ಆದರೆ ವಿಜಯಪುರದ ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಬೆಳೆದವಳು. ಅಲ್ಲಿಗೆ ಹೋದಾಗ ನನ್ನ ಕಣ್ಣು ಬಾಟಲಿ ಕಡೆ ಹೋಗಲೇ ಇಲ್ಲ, ಬಳ್ಳಿ ಕಡೆ ಹೋಯಿತು. ದಿನಾ ಬೆಳಿಗ್ಗೆ ಮೊಂಟೆಫಿಯೊರಾಲೆ ಅನ್ನುವ ಕಲ್ಲಿನ ಹಳ್ಳಿಗೆ ನಡೆದು ಹೋಗುತ್ತಿದ್ದೆವು. ಅರ್ಧ ಗಂಟೆ ಏರು, ಪಕ್ಕದಲ್ಲಿ ತೋಟಗಳು. ಮೊದಲ ಸಲ ಆ ಗುಡ್ಡದ ಸಾಲುಗಳು ಚೆಂದ ಅನಿಸಿದವು, ಅಷ್ಟೇ. ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋದಾಗಲೇ ಕೆಲಸ ಕಾಣಿಸತೊಡಗಿತು. ಯಾವ ಸಾಲಿನ ಕೊಯ್ಲು ಆಗಿದೆ, ಯಾವುದನ್ನು ಇನ್ನೂ ಬಿಟ್ಟಿದ್ದಾರೆ, ಗೊನೆಯ ಸುತ್ತ ಎಲೆ ಯಾಕೆ ಕಿತ್ತಿದ್ದಾರೆ. ಸಾಲಿನ ತುದಿಯಲ್ಲಿ ಗುಲಾಬಿ ಗಿಡ ಇರುತ್ತದೆ. ಬೂದಿ ರೋಗ ಬಳ್ಳಿಗಿಂತ ಮೊದಲು ಗುಲಾಬಿಯಲ್ಲಿ ಕಾಣುತ್ತದೆ ಅಂತ ಹಿಂದಿನವರು ನೆಟ್ಟ ಪದ್ಧತಿ.

ಒಂದು ದಿನ ಬೇಲಿ ಪಕ್ಕ ನಿಂತು ನೋಡುತ್ತಿದ್ದಾಗ ತೋಟದವರು ಕರೆದರು. ವಯಸ್ಸಾದವರು, ಕೈ ನೋಡಿದರೇ ರೈತರು ಅಂತ ತಿಳಿಯುತ್ತಿತ್ತು. ಒಂದು ಹಣ್ಣು ಕಿತ್ತು ಕೊಟ್ಟರು. ತಿಂದು ಬೀಜ ಉಗುಳಲು ಹೋದೆ, ಬೇಡ, ಅಗಿ ಅಂತ ಸನ್ನೆ ಮಾಡಿದರು. ಬೀಜ ಹಸಿರಿದ್ದು ಒಗರು ಬಂದರೆ ಇನ್ನೂ ಕಾಯಬೇಕು. ಕಂದು ಬಣ್ಣಕ್ಕೆ ತಿರುಗಿ ಹಲ್ಲಿಗೆ ಕಟುಂ ಅನ್ನುವಂತಾದರೆ ಕೊಯ್ಲಿಗೆ ಬಂತು. ನಾನು ಫೋನಿನಲ್ಲಿ ನಿನ್ನ ಮಾಮನ ತೋಟದ ಫೋಟೊ ತೋರಿಸಿದೆ. ತಲೆ ಮೇಲಿನ ಚಪ್ಪರ ನೋಡಿ ಅವರು ಬೆರಗಾದರು. ಅಲ್ಲಿ ಬಳ್ಳಿಯನ್ನು ಎದೆ ಎತ್ತರಕ್ಕೆ ತಂತಿಗೆ ಕಟ್ಟಿ ಬಿಸಿಲಿಗೆ ಒಡ್ಡುತ್ತಾರೆ. ನಮ್ಮಲ್ಲಿ ಗೊನೆಗೆ ಬಿಸಿಲು ಬಡಿಯದಿರಲಿ ಅಂತ ಚಪ್ಪರ ಹಾಕುತ್ತೇವೆ. ನಮ್ಮಲ್ಲಿ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು, ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಮಲಗಿದ ಮೇಲೆ ಒಂದೇ ಸಲ ಸವರುವುದು. ಇದನ್ನೆಲ್ಲ ಬೆರಳು ಎಣಿಸಿ, ಕತ್ತರಿ ಆಡಿಸಿ ತೋರಿಸಿಯೇ ಮಾತಾಡಿದೆವು. ನಿಮ್ಮಪ್ಪನ ಫೋನಿನ ಅನುವಾದದ ಆ್ಯಪ್ ಸ್ವಲ್ಪ ನೆರವಾಯಿತು.

ನನಗೆ ಎಲ್ಲಕ್ಕಿಂತ ತಾಗಿದ್ದು ನೀರಿನ ವಿಷಯ. ಕಿಯಾಂಟಿ ಕ್ಲಾಸಿಕೊ ಅನ್ನುವ ಹೆಸರಲ್ಲಿ ವೈನ್ ಮಾರಬೇಕಾದರೆ ಬಳ್ಳಿಗೆ ನೀರು ಹಾಯಿಸಿ ಇಳುವರಿ ಹೆಚ್ಚಿಸುವಂತಿಲ್ಲ. ತೀರಾ ಒಣಗುವ ಸ್ಥಿತಿ ಬಂದರೆ ಮಾತ್ರ ನೀರು ಕೊಡಬಹುದು. ಹೆಕ್ಟೇರಿಗೆ ಏಳೂವರೆ ಟನ್‌ಗಿಂತ ಜಾಸ್ತಿ ದ್ರಾಕ್ಷಿ ತೆಗೆಯುವಂತಿಲ್ಲ. ಕಡಿಮೆ ಅಂದರೂ ನೂರಕ್ಕೆ 80 ಪಾಲು ಸಾಂಜೊವೇಸೆ ಅನ್ನುವ ತಳಿಯೇ ಇರಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿದ ನಿನ್ನ ಮುತ್ಯಾ ನೆನಪಾದರು. ಇಳುವರಿಗೆ ತಾವೇ ಮಿತಿ ಹಾಕಿಕೊಂಡು ಹೆಸರು ಉಳಿಸಿಕೊಂಡ ರೈತರ ಬಗ್ಗೆ ಹೇಳಿದ್ದರೆ ಅವರು ನಂಬುತ್ತಿರಲಿಲ್ಲವೇನೋ. ಈ ಹೆಸರು ಕಾಯುವ ಕೆಲಸ ಅಲ್ಲಿ ಹಳೆಯದು. 1716ರಲ್ಲೇ ಮೆಡಿಚಿ ಮನೆತನದ ದೊರೆ 3ನೇ ಕೋಸಿಮೊ ಕಿಯಾಂಟಿ ಅಂದರೆ ಇಲ್ಲಿಂದ ಇಲ್ಲಿಯವರೆಗೆ ಅಂತ ಗಡಿ ಗುರುತಿಸಿ ಆಜ್ಞೆ ಹೊರಡಿಸಿದ. 1924ರಲ್ಲಿ ಬೆಳೆಗಾರರು ಸಂಘ ಕಟ್ಟಿದರು. ಬಾಟಲಿ ಮೇಲಿನ ಕಪ್ಪು ಹುಂಜ ಆ ಸಂಘದ ಗುರುತು.

ಇನ್ನೊಂದು ನೋಡು, ವಿನ್ ಸಾಂಟೊ ಅನ್ನುವ ವೈನ್. ದ್ರಾಕ್ಷಿಯನ್ನು ಚಳಿಗಾಲದವರೆಗೆ ಒಣಹಾಕಿ, ಆಮೇಲೆ ಹಿಂಡಿ, ಚಿಕ್ಕ ಪೀಪಾಯಿಗಳಲ್ಲಿ ತುಂಬಿ ವರ್ಷಗಟ್ಟಲೆ ಬಿಡುತ್ತಾರೆ. ಗೊನೆಗಳು ಅಟ್ಟದಲ್ಲಿ ಸಾಲಾಗಿ ನೇತಾಡುವುದನ್ನು ನೋಡಿದಾಗ ನಮ್ಮ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನ ವಾಸನೆಯೇ ಬಂದಂತಾಯಿತು.

ಇಷ್ಟೆಲ್ಲ ನೋಡಿ ಆ ಊರು ಮೊದಲಿನಿಂದಲೂ ನೆಮ್ಮದಿಯಾಗಿತ್ತು ಅಂದುಕೊಳ್ಳಬೇಡ. ನಾವು ಉಳಿದಿದ್ದ ಹಳೆಯ ರೈತರ ಮನೆಯಲ್ಲಿ ನಮ್ಮ ಮಲಗುವ ಕೋಣೆ ಒಂದು ಕಾಲಕ್ಕೆ ಎತ್ತಿನ ಕೊಟ್ಟಿಗೆ. ಕೆಳಗೆ ದನ, ಮೇಲೆ ಮನುಷ್ಯರು. ಮನೆ, ನೆಲ ಎಲ್ಲ ಧಣಿಯದು. ಬೆಳೆದ ಗೋಧಿ, ಎಣ್ಣೆ, ವೈನ್ ಎಲ್ಲದರಲ್ಲೂ ಅರ್ಧ ಪಾಲು ಧಣಿಗೆ. ಇದಕ್ಕೆ ಮೆಜ್ಜಾದ್ರಿಯಾ ಅನ್ನುತ್ತಿದ್ದರು. ನೂರಾರು ವರ್ಷ ನಡೆಯಿತು. ಎರಡನೇ ಮಹಾಯುದ್ಧದ ನಂತರ ಮಕ್ಕಳು ಕಾರ್ಖಾನೆ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋದರು. 1964ರ ಕಾನೂನು ಹೊಸದಾಗಿ ಅಂಥ ಕರಾರು ಮಾಡುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಖಾಲಿಯಾಗಿದ್ದವು. ಆಮೇಲೆ ಹೊರದೇಶದವರು ಬಂದು ಕೊಂಡರು. 1985ರಲ್ಲಿ ಬಂದ ಇನ್ನೊಂದು ಕಾನೂನಿನಿಂದ ರೈತರೇ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು ಸಂಪಾದಿಸುವ ದಾರಿ ದೇಶದುದ್ದಕ್ಕೂ ಭದ್ರವಾಯಿತು. ಅಲ್ಲಿನ ಹಳೆಯ ಮನೆಗಳಿಗೆ ಇಂಥ ಹಿನ್ನೆಲೆ ಇದೆ ಅಂತ ತಿಳಿದುಕೊಂಡು ಹೋಗು. ಪೋಸ್ಟ್‌ಕಾರ್ಡಿನ ಚಿತ್ರ ನೋಡಿ ಹೋದವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಆ ಊರಿನ ನಿಧಾನವೂ ತಾನಾಗಿ ಉಳಿದದ್ದಲ್ಲ, ಪುಟ್ಟಿ. ಊರಿನವರು ಕೂತು ತೀರ್ಮಾನ ಮಾಡಿದ್ದು. 1999ರಲ್ಲಿ ಗ್ರೇವೆಯ ಮೇಯರ್ ಆಗಿದ್ದ ಪಾವೊಲೊ ಸಾಟುರ್ನೀನಿ, ಬ್ರಾ, ಒರ್ವಿಯೆಟೊ, ಪೊಸಿಟಾನೊ ಊರುಗಳ ಮೇಯರ್‌ಗಳ ಜೊತೆ ಸೇರಿ ಚಿಟ್ಟಾಸ್ಲೋ ಅನ್ನುವ ಒಕ್ಕೂಟ ಶುರು ಮಾಡಿದರು. 50,000ಕ್ಕಿಂತ ಕಡಿಮೆ ಜನ ಇರುವ ಊರುಗಳಿಗೆ ಮಾತ್ರ ಸದಸ್ಯತ್ವ. ಕಾರುಗಳಿಗೆ ಎಲ್ಲಿ ತಡೆ, ಸ್ಥಳೀಯ ಬೆಳೆಗೆ ಹೇಗೆ ಬೆಂಬಲ, ಗಲಾಟೆ ಹೇಗೆ ಕಡಿಮೆ ಮಾಡುವುದು ಇಂಥ ದಿನನಿತ್ಯದ ಪುರಸಭೆ ವಿಷಯಗಳೇ ಅದರ ನಿಯಮ. ಗುರುತು ಬಸವನಹುಳು, ಬೆನ್ನ ಮೇಲೆ ಊರು. ಇನ್ನೊಂದು ಕಡೆ ವೆನಿಸ್ ನೋಡು. ಬೆಳಿಗ್ಗೆ ಬಂದು ಸಂಜೆ ಹೋಗುವವರ ಕಾಟ ತಡೆಯಲಾರದೆ 2024ರಿಂದ ಕೆಲವು ದಿನಗಳಲ್ಲಿ ಅವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಿದ್ದಾರೆ. ನಿನ್ನ ಪ್ಲ್ಯಾನಿನಲ್ಲಿ ವೆನಿಸ್‌ಗೆ ಇಟ್ಟಿರುವುದು ಒಂದೇ ಹಗಲು, ಅಲ್ವಾ?

ಊಟದ ಚಿಂತೆ ಬೇಡ. ಮಾಂಸ ಅಲ್ಲಿ ಪ್ರಸಿದ್ಧ, ಆದರೆ ಬಡವರ ಅಡುಗೆಯೆಲ್ಲ ನಮಗೆ ಆಗುವಂಥದ್ದು. ರಿಬೊಲ್ಲಿಟಾ ಅಂದರೆ ಕಾಳು, ಕಪ್ಪು ಹಸಿರಿನ ಎಲೆಕೋಸು, ಹಳೆಯ ಬ್ರೆಡ್ ಹಾಕಿ ಕುದಿಸಿದ್ದು. ಮಾಂಸದ ಸಾರು ಹಾಕಿದ್ದೀರಾ ಅಂತ ಒಮ್ಮೆ ಕೇಳಿಕೋ. ಟೊಮೆಟೊ ಜೊತೆ ಬ್ರೆಡ್ ಬೇಯಿಸುವ ಪಪ್ಪಾ ಅಲ್ ಪೊಮೊಡೊರೊ ನಿಮ್ಮಪ್ಪನಿಗೆ ಬಹಳ ಹಿಡಿಸಿತು. ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಮೊದಲು ಸಪ್ಪೆ ಅನಿಸುತ್ತದೆ. ಒಳ್ಳೆಯ ಆಲಿವ್ ಎಣ್ಣೆ ಸುರಿದು, ಮೇಲೆ ಉಪ್ಪು ಉದುರಿಸಿ ತಿನ್ನು. ಕೊಯ್ಲಿನ ದಿನಗಳಲ್ಲಿ ಬೇಕರಿಯಲ್ಲಿ ಸ್ಕಿಯಾಚ್ಚಾಟಾ ಅಲ್ಲೂವಾ ಸಿಗುತ್ತದೆ, ವೈನಿನ ದ್ರಾಕ್ಷಿಯನ್ನು ಬೀಜ ಸಮೇತ ಹಿಟ್ಟಿನಲ್ಲಿ ಒತ್ತಿ ಸುಟ್ಟದ್ದು. ಉಳಿದ ಕಾಲದಲ್ಲಿ ಸಿಗುವುದು ಕಷ್ಟ, ಅದಕ್ಕಾಗಿಯಾದರೂ ಸೆಪ್ಟೆಂಬರ್ ಕೊನೆಗೆ ಹೋಗು.

ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ. ನಾಲ್ಕರ ಹೊತ್ತಿಗೆ ಮತ್ತೆ ತೆಗೆಯುತ್ತಾರೆ. ಆ ಹೊತ್ತಿಗೆ ಏನೂ ಇಟ್ಟುಕೊಳ್ಳಬೇಡ, ಸುಮ್ನೆ ಮಲಗು. ರಾತ್ರಿ ಊಟ ಏಳೂವರೆಗಿಂತ ಮುಂಚೆ ಕೇಳಬೇಡ. ಶನಿವಾರ ಬೆಳಿಗ್ಗೆ ಚೌಕದಲ್ಲಿ ಸಂತೆ. ಊರಿನವರು ತರಕಾರಿ ಕೊಳ್ಳುತ್ತಾ ನಿಂತು ಮಾತಾಡುವುದನ್ನು ನೋಡಬೇಕಾದರೆ ನಿನ್ನ ವಾರದಲ್ಲಿ ಶನಿವಾರ ಬರುವ ಹಾಗೆ ನೋಡಿಕೋ. ಭಾನುವಾರ ಬಸ್ ಕಡಿಮೆ, ವಾಪಸ್ ಹೊರಡುವ ದಿನ ಅದಾಗದಿರಲಿ. ರೂಮನ್ನು ಊರ ಒಳಗೇ ಮಾಡು. ಗುಡ್ಡದ ಮೇಲಿನ ಮನೆಗಳು ಚೆಂದ, ಆದರೆ ಕಾರಿಲ್ಲದೆ ಒಂಟಿ ಹುಡುಗಿಗೆ ರಾತ್ರಿ ಕಷ್ಟ. ಅಮ್ಮನಾಗಿ ಇದನ್ನು ಹೇಳದೇ ಇರಲಾರೆ.

ರೋಮ್ ಟಿಕೆಟ್ ಇನ್ನೂ ರದ್ದು ಮಾಡಲು ಬರುತ್ತದಾ ನೋಡು. ಹಣ ಸ್ವಲ್ಪ ಹೋದರೂ ಪರವಾಗಿಲ್ಲ, ನಾವು ಕೊಡುತ್ತೇವೆ. ಭಾನುವಾರ ಫೋನ್ ಮಾಡಿದಾಗ ಏನು ತೀರ್ಮಾನ ಮಾಡಿದೆ ಅಂತ ಹೇಳು. ಹೋಗುವುದಾದರೆ ಆ ತೋಟ ಎಲ್ಲಿದೆ ಅಂತ ನಿಮ್ಮಪ್ಪ ಮ್ಯಾಪಿನಲ್ಲಿ ಗುರುತು ಹಾಕಿ ಕಳಿಸುತ್ತಾರೆ. ನಿನ್ನ ಮಾಮ ಈ ಸಲದ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಇಟ್ಟಿದ್ದಾನೆ, ಆ ತೋಟದವರಿಗೆ ಕೊಡಲು. ಪೋಸ್ಟ್ ಮಾಡುತ್ತೇನೆ.

ನಿನ್ನ ಪ್ರೀತಿಯ,
ಅಮ್ಮ