ಮಲ್ಪೆಯ ಗೆಳತಿಗೆ, ವಿಗ್ದಿಸ್ ಬಗ್ಗೆ ಒಂದು ಪತ್ರ

ಮಂಗಳೂರು

ಪ್ರೀತಿಯ ಗೆಳತಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಮೀನು ಮಾರುವ ಹೆಂಗಸರೆಲ್ಲ ಸೇರಿ, ಸಂಘದ ಅಧ್ಯಕ್ಷೆ ಸ್ಥಾನಕ್ಕೆ ನೀನೇ ನಿಲ್ಲಬೇಕು ಎಂದರು. ನೀನು ಬೇಡ ಎಂದೆ. "ಗಂಡನನ್ನು ಬಿಟ್ಟವಳು, ಎಲ್ಲಿಂದಲೋ ಮಗು ತಂದು ಸಾಕುತ್ತಿದ್ದಾಳೆ, ಇವಳಿಗೆ ಯಾಕೆ ಇದೆಲ್ಲ" ಎಂದು ಯಾರೋ ಅಂದರಂತೆ. ಅದನ್ನು ಕೇಳಿ ನನಗೆ ಆಗ ಮಾತೇ ಹೊರಡಲಿಲ್ಲ. ಪತ್ರ ಬರೆಯುತ್ತೇನೆ, ಎಲ್ಲರೂ ಓದುವಂತೆ ಹಾಕುತ್ತೇನೆ ಎಂದಾಗ ನೀನೇ ಹೇಳಿದೆಯಲ್ಲ, "ಆಯ್ತು ಮಾರಾಯ್ತಿ, ನನ್ನ ಹೆಸರು ಮಾತ್ರ ಹಾಕಬೇಡ" ಎಂದು. ಹಾಕಿಲ್ಲ.

ನಿನಗೆ ಒಬ್ಬರ ಕತೆ ಹೇಳಬೇಕು. ಐಸ್‌ಲ್ಯಾಂಡ್ ಎಂಬ ಸಣ್ಣ ದೇಶ. ಸುತ್ತಲೂ ಕಡಲು, ಮೀನೇ ಜೀವನ. ಅಲ್ಲಿ ದೇಶದ ಅಧ್ಯಕ್ಷೆಯಾಗಿದ್ದ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಅವರ ಕತೆ. ಎರಡನೆಯದು ಮನೆತನದ ಹೆಸರಲ್ಲ, 'ಫಿನ್‌ಬೊಗಿಯ ಮಗಳು' ಎಂದಷ್ಟೇ ಅರ್ಥ. ನಮ್ಮ ಅಳಿಯಸಂತಾನದವರಿಗೆ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ, ಅಲ್ಲಿ ಹೆಚ್ಚಿನವರಿಗೆ ತಂದೆಯ ಹೆಸರು. ದೇಶದ ಅಧ್ಯಕ್ಷೆಯನ್ನೂ ಜನ ಬರೀ 'ವಿಗ್ದಿಸ್' ಎಂದೇ ಕರೆಯುತ್ತಿದ್ದರು. ಇದು ನನಗೆ ತುಂಬಾ ಇಷ್ಟವಾಯಿತು.

ಹುಟ್ಟಿದ್ದು 1930ರಲ್ಲಿ. ಅಪ್ಪ ಎಂಜಿನಿಯರ್, ಅಮ್ಮ ನರ್ಸ್. ಫ್ರಾನ್ಸಿಗೆ ಹೋಗಿ ಓದಿದರು. ಊರಿಗೆ ಮರಳಿ ಫ್ರೆಂಚ್ ಪಾಠ ಮಾಡಿದರು, ಟಿವಿಯಲ್ಲೂ ಕಲಿಸಿದರು. 1972ರಿಂದ ರಾಜಧಾನಿ ರೇಕ್ಯಾವಿಕ್‌ನ ನಾಟಕ ಕಂಪನಿಯನ್ನು ನಡೆಸಿದರು. ಒಬ್ಬನೇ ತಮ್ಮ, ಚಿಕ್ಕ ವಯಸ್ಸಿನಲ್ಲೇ ನೀರಲ್ಲಿ ಮುಳುಗಿ ಹೋದ. ಆ ಸಂಕಟ ಎಂಥದ್ದೆಂದು ಕಡಲ ಬದಿಯಲ್ಲಿ ಹುಟ್ಟಿದ ನಿನಗೆ ನಾನು ಹೇಳಬೇಕಾಗಿಲ್ಲ.

ಮದುವೆಯಾಗಿತ್ತು, ವಿಚ್ಛೇದನವೂ ಆಯಿತು. ಆಮೇಲೆ 1972ರಲ್ಲಿ ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಂಡರು. ಗಂಡನಿಲ್ಲದ ಹೆಂಗಸಿಗೆ ಆ ದೇಶದಲ್ಲಿ ದತ್ತು ಕೊಟ್ಟದ್ದು ಅದೇ ಮೊದಲು. ಓದುತ್ತಾ ಇಲ್ಲಿಗೆ ಬಂದಾಗ ನಿನ್ನ ನೆನಪಾಗಿ ಪುಸ್ತಕ ಕೆಳಗಿಟ್ಟೆ. ನಿನ್ನ ಪುಟ್ಟಿಯನ್ನು ಮನೆಗೆ ತಂದ ದಿನ ನೀನು ಬಾಗಿಲಲ್ಲಿ ನಿಂತು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು 1975ರ ಅಕ್ಟೋಬರ್ 24. ಅದೊಂದು ದಿನ ಐಸ್‌ಲ್ಯಾಂಡಿನ ಸುಮಾರು ಶೇಕಡಾ 90 ಹೆಂಗಸರು ಕೆಲಸ ಬಿಟ್ಟರು. ಆಫೀಸಿಗೆ ಹೋಗಲಿಲ್ಲ, ಅಡುಗೆ ಮಾಡಲಿಲ್ಲ, ಮಕ್ಕಳನ್ನು ನೋಡಿಕೊಳ್ಳಲಿಲ್ಲ. ಗಂಡಸರಿಗಿಂತ ಕಡಿಮೆ ಸಂಬಳ, ಮನೆಗೆಲಸಕ್ಕೆ ಲೆಕ್ಕವೇ ಇಲ್ಲ, ಅದಕ್ಕೆ. ಮೀನಿನ ಫ್ಯಾಕ್ಟರಿಗಳು ಮುಚ್ಚಿದವು, ಯಾಕೆಂದರೆ ಅಲ್ಲಿ ದುಡಿಯುವವರು ಜಾಸ್ತಿ ಹೆಂಗಸರೇ. ಅಪ್ಪಂದಿರು ಮಕ್ಕಳನ್ನು ಆಫೀಸಿಗೆ ಕರೆದುಕೊಂಡು ಹೋದರು. ಮಲ್ಪೆ ಬಂದರಿನಲ್ಲಿ ಒಂದು ದಿನ ಒಬ್ಬ ಹೆಂಗಸೂ ಬುಟ್ಟಿ ಎತ್ತದಿದ್ದರೆ ಏನಾಗಬಹುದು, ಯೋಚಿಸು. ವಿಗ್ದಿಸ್ ಕೂಡ ಅಮ್ಮನ ಜೊತೆ ಆ ದಿನ ಬೀದಿಗೆ ಬಂದಿದ್ದರು.

ಐದು ವರ್ಷ ಕಳೆದು ದೇಶದ ಅಧ್ಯಕ್ಷರ ಚುನಾವಣೆ ಬಂತು. ನಮ್ಮ ರಾಷ್ಟ್ರಪತಿಯ ಹಾಗೆಯೇ ಆ ಹುದ್ದೆ, ಆದರೆ ಅಲ್ಲಿ ಜನರೇ ನೇರವಾಗಿ ವೋಟ್ ಹಾಕುತ್ತಾರೆ. ವಿಗ್ದಿಸ್‌ಗೆ ನಿಲ್ಲುವ ಮನಸ್ಸಿರಲಿಲ್ಲ. ಸುತ್ತಲಿನವರು ಎಷ್ಟು ಹೇಳಿದರೂ ಹಿಂದೆ ಮುಂದೆ ನೋಡುತ್ತಿದ್ದರು. ಆಗ ಒಂದು ಟೆಲಿಗ್ರಾಂ ಬಂತು. ಕಳಿಸಿದವರು ಯಾರು ಗೊತ್ತಾ? ಕಡಲಿನಲ್ಲಿದ್ದ ಒಂದು ಟ್ರಾಲರ್ ಬೋಟಿನ ಮೀನುಗಾರರು! ನೀವು ನಿಲ್ಲಲೇಬೇಕು ಎಂದು ಎಲ್ಲರೂ ಸೇರಿ ಕೇಳಿಕೊಂಡಿದ್ದರು. ಬೋಟಿನವರ ಮಾತು ಮನಸ್ಸಿಗೆ ತಟ್ಟಿತು. ಒಪ್ಪಿದರು.

ಎದುರಿಗೆ ಮೂವರು ಗಂಡಸರು. ಸಭೆಗಳಲ್ಲಿ ಎಂತೆಂಥ ಪ್ರಶ್ನೆ! ಗಂಡನಿಲ್ಲದೆ ಹೇಗೆ ನಡೆಸುತ್ತೀರಿ ಎಂದರು. ಅದಕ್ಕೆ ಮೊದಲು ಅವರಿಗೆ ಕ್ಯಾನ್ಸರ್ ಬಂದು ಒಂದು ಸ್ತನ ತೆಗೆದಿದ್ದರು. ಒಬ್ಬ ಅದನ್ನೂ ಎತ್ತಿ ಕೇಳಿದ. ನಾನು ದೇಶಕ್ಕೆ ಹಾಲೂಡಿಸಲು ಹೊರಟಿಲ್ಲ ಎಂದುಬಿಟ್ಟರು ವಿಗ್ದಿಸ್. ಮುಚ್ಚಿಡಲಿಲ್ಲ, ತಲೆ ತಗ್ಗಿಸಲಿಲ್ಲ, ಬೈಯಲೂ ಇಲ್ಲ. ನಾನು ಈ ಪತ್ರ ಬರೆಯಲು ಕೂತದ್ದೇ ಈ ಒಂದು ಉತ್ತರಕ್ಕಾಗಿ.

1980ರ ಜೂನ್ 29ರಂದು ಶೇಕಡಾ 33.8 ವೋಟ್ ಪಡೆದು ಗೆದ್ದರು. ಎರಡನೆಯವರಿಗಿಂತ ಎರಡು ಸಾವಿರ ವೋಟ್ ಕೂಡ ಹೆಚ್ಚಿರಲಿಲ್ಲ. ಜನರ ನೇರ ಮತದಿಂದ ದೇಶದ ಅಧ್ಯಕ್ಷೆಯಾದ ಜಗತ್ತಿನ ಮೊದಲ ಹೆಂಗಸು ಅವರೇ. ಅಧಿಕಾರ ತೆಗೆದುಕೊಂಡದ್ದು ಆಗಸ್ಟ್ 1ಕ್ಕೆ. ಈಗ ನಮ್ಮಲ್ಲಿ ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ದಿನ, ಅಲ್ವಾ!

ಆಮೇಲೆ ಎಲ್ಲವೂ ಸಲೀಸಾಗಿತ್ತು ಎಂದಲ್ಲ. 1985ರಲ್ಲಿ, ಅದೇ ಅಕ್ಟೋಬರ್ 24ರಂದು, ಮುಷ್ಕರ ಮಾಡುತ್ತಿದ್ದ ವಿಮಾನದ ಗಗನಸಖಿಯರನ್ನು ಕೆಲಸಕ್ಕೆ ಮರಳಿಸುವ ಕಾನೂನು ಸಹಿಗೆ ಬಂತು. ಹೆಂಗಸರ ದಿನದಂದೇ ಇದಕ್ಕೆ ಸಹಿ ಹಾಕುವುದು ಹೇಗೆ ಎಂದು ತಡೆದು ನಿಂತರು. ಮಂತ್ರಿಯೊಬ್ಬರು ರಾಜೀನಾಮೆ ಕೊಡುತ್ತೇನೆ ಎಂದರು. ಕೊನೆಗೆ ವಿಗ್ದಿಸ್ ಸಹಿ ಹಾಕಿದರು. ಹಾಕಬಾರದಿತ್ತು ಎಂದೇ ನನಗೆ ಅನಿಸುತ್ತದೆ. ಆದರೂ ಆ ಕುರ್ಚಿಯ ಕಷ್ಟ ನನಗೆ ಅರ್ಥವಾದದ್ದು ಅಲ್ಲೇ.

1988ರಲ್ಲಿ ಮತ್ತೆ ನಿಂತಾಗ ಶೇಕಡಾ 94ಕ್ಕಿಂತ ಜಾಸ್ತಿ ವೋಟ್ ಬಂತು. ಒಟ್ಟು 16 ವರ್ಷ, 1996ರವರೆಗೆ. ಅಷ್ಟು ಹೊತ್ತಿಗೆ ಅಲ್ಲಿನ ಮಕ್ಕಳು ಗಂಡಸರು ಅಧ್ಯಕ್ಷರಾಗಬಹುದೇ ಎಂದು ಕೇಳುತ್ತಿದ್ದರಂತೆ. ಹೋದ ಊರಿನಲ್ಲೆಲ್ಲ ಮೂರು ಗಿಡ ನೆಡುತ್ತಿದ್ದರು: ಒಂದು ಹೆಣ್ಣುಮಕ್ಕಳಿಗೆ, ಒಂದು ಗಂಡುಮಕ್ಕಳಿಗೆ, ಒಂದು ಇನ್ನೂ ಹುಟ್ಟದ ಮಕ್ಕಳಿಗೆ. ಹುದ್ದೆ ಬಿಟ್ಟ ಮೇಲೆ ಯುನೆಸ್ಕೋದ ಭಾಷಾ ರಾಯಭಾರಿಯಾಗಿ ಸಣ್ಣ ಭಾಷೆಗಳ ಪರ ದುಡಿದರು. ಅವರು ಗೆದ್ದಾಗ ಅವರ ದೇಶದ ಜನಸಂಖ್ಯೆ ಎರಡೂಕಾಲು ಲಕ್ಷದಷ್ಟು. ನಮ್ಮ ತುಳು ಮಾತಾಡುವವರು 2011ರ ಗಣತಿಯಲ್ಲೇ 18 ಲಕ್ಷದ ಮೇಲೆ. ಸಂಘದ ಮೀಟಿಂಗಿನಲ್ಲಿ ಕನ್ನಡದಲ್ಲಿ ಭಾಷಣ ಮಾಡಲು ಬರುವುದಿಲ್ಲ ಎಂದೆಯಲ್ಲ, ತುಳುವಿನಲ್ಲೇ ಮಾತಾಡು. ಅಲ್ಲಿ ಕೂತವರಿಗೆಲ್ಲ ತುಳು ಗೊತ್ತು.

ಅರ್ಜಿ ಕೊಡಲು ಸೋಮವಾರ ಕಡೇ ದಿನ ಎಂದಿದ್ದೆ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾನೇ ಕೂತು ತುಂಬಿಸುತ್ತೇನೆ, ನೀನು ಸಹಿ ಹಾಕಿದರೆ ಸಾಕು. ಪುಟ್ಟಿಗೆ ಕತೆ ಪುಸ್ತಕ ತರುತ್ತಿದ್ದೇನೆ. ಬಂಗುಡೆ ಸಿಕ್ಕಿದರೆ ನನಗೆ ನಾಲ್ಕು ತೆಗೆದಿಡು.

ನಿನ್ನ,
ಗೆಳತಿ